ಹಿಂದೆ ಕೂತವಳು

ಸಣ್ಣಿ ಅಕ್ಕನನ್ನು ಅಕ್ಕ ಎಂದು ಕರೆಯುವುದನ್ನು ಬಿಟ್ಟು ವಾರದ ಮೇಲಾಗಿತ್ತು. ಹಾಗಂತ ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. ಕರೆಯಬೇಕಾಗಿ ಬಂದಾಗ ಬಾಗಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಮಾತಾಡಲೇಬೇಕಾದಾಗ ‘ನೀವು’ ಅನ್ನುತ್ತಿದ್ದಳು. ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು, ಒಂದೇ ಬಕೀಟಿನಲ್ಲಿ ಬಟ್ಟೆ ನೆನೆಹಾಕಿಕೊಂಡು ಇದ್ದ ಇಬ್ಬರ ನಡುವೆ ಈ ‘ನೀವು’ ಬಂದು ಕೂತದ್ದನ್ನು ಅಕ್ಕ ಗಮನಿಸಿರಲಿಲ್ಲವೆಂದಲ್ಲ. ಗಮನಿಸಿ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯೇ ಸಣ್ಣಿಗೆ ಸಾಕ್ಷಿಯಾಗಿತ್ತು. ಏನೂ ಮಾಡದವಳಾಗಿದ್ದರೆ ‘ಯಾಕೆ ಹೀಗೆ ಮಾತಾಡ್ತೀಯ’ ಎಂದು ಒಂದು ಮಾತು ಕೇಳುತ್ತಿರಲಿಲ್ಲವೇ?

ಅವರಿಬ್ಬರೂ ಒಡಹುಟ್ಟಿದವರೇನಲ್ಲ. ಓದಲೆಂದು ಈ ದೂರದ ದೇಶಕ್ಕೆ ಬಂದ ಮೊದಲ ದಿನ ಸಣ್ಣಿ ಬಾಡಿಗೆ ಮನೆಯ ಬಾಗಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದಳು. ಒಳಗಿನಿಂದ ಯಾರೋ ಬೀಗ ತೆಗೆಯಲಾಗದೆ, “ಹಾಳಾದ್ದು, ಇವತ್ತೇ ಕೈ ಕೊಡ್ಬೇಕಾ” ಎಂದು ಗೊಣಗಿದ್ದು ಕೇಳಿಸಿತು. ತನ್ನ ಭಾಷೆಯ ಆ ಮಾತು ಕಿವಿಗೆ ಬಿದ್ದದ್ದೇ ಸಣ್ಣಿಗೆ ಅಳು ಬಂದುಬಿಟ್ಟಿತ್ತು. ಬಾಗಿಲು ತೆರೆದವಳು ಅವಳಿಗಿಂತ ಎರಡು ತರಗತಿ ಮುಂದಿದ್ದವಳು, ಅಗಲ ಮುಖದ, ನಿಧಾನ ನಡಿಗೆಯ ಹೆಂಗಸು. ಅಂದಿನಿಂದ ಅವಳು ಅಕ್ಕನಾದಳು. ಇಬ್ಬರೂ ಓದುತ್ತಿದ್ದದ್ದು ಮಣ್ಣಿನ ವಿಷಯ. ಇಬ್ಬರಿಗೂ ಪಾಠ ಹೇಳುತ್ತಿದ್ದವರು ಒಬ್ಬರೇ ಮೇಡಂ.

ಆದದ್ದು ಇಷ್ಟು. ನದಿಯ ದಂಡೆಯುದ್ದಕ್ಕೂ ಇದ್ದ ಹೊಲಗಳಿಂದ ಸಣ್ಣಿ ಒಂದು ಮಳೆಗಾಲವೆಲ್ಲ ಕೆಸರಲ್ಲಿ ಕೂತು ಮಣ್ಣು ತೆಗೆದು ತಂದಿದ್ದಳು. ಅದನ್ನು ತಗಡಿನ ತಟ್ಟೆಗಳಲ್ಲಿ ಹರಡಿ, ಲ್ಯಾಬಿನ ಓವನ್ನಿನಲ್ಲಿ ಹದವಾದ ಶಾಖದಲ್ಲಿ ಒಣಗಿಸಬೇಕು. ಆಮೇಲೆ ಮಣ್ಣಿನೊಳಗೆ ಎಲೆಚೂರು, ಬೇರಿನ ಎಳೆ ಎಷ್ಟು ಉಳಿದಿದೆ ಎಂದು ತೂಗಿ ನೋಡಬೇಕು. ಸಂಜೆ ತಟ್ಟೆ ಇಟ್ಟು, ತನ್ನ ಕೈಯಾರೆ ಗುಂಡಿ ತಿರುಗಿಸಿ ಶಾಖ ಹೊಂದಿಸಿ ಬಂದಿದ್ದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹುಲ್ಲಿನ ಮೆದೆ ಸುಟ್ಟ ವಾಸನೆ. ಕಪ್ಪು ಮಣ್ಣೆಲ್ಲ ಇಟ್ಟಿಗೆಯ ಪುಡಿಯ ಬಣ್ಣಕ್ಕೆ ತಿರುಗಿತ್ತು. ತೂಗಬೇಕಾದ್ದೆಲ್ಲ ಹೊಗೆಯಾಗಿ ಹೋಗಿತ್ತು. ಓವನ್ನಿನ ಗುಂಡಿ ಬಲಗಡೆಯ ಕೊನೆ ಮುಟ್ಟಿ ನಿಂತಿತ್ತು.

ಆ ಕೋಣೆಯ ಬೀಗದ ಕೈ ಇದ್ದದ್ದು ಮೂವರ ಬಳಿ. ಮೇಡಂ ಆ ದಿನ ಊರಲ್ಲಿರಲಿಲ್ಲ. ಸಣ್ಣಿ ಹೊರಟ ಮೇಲೆ ಕೋಣೆಯಲ್ಲಿ ಉಳಿದಿದ್ದವಳು ಅಕ್ಕ.

ಬರುವ ವರ್ಷ ನದಿಯ ಮೇಲ್ಗಡೆಯ ಸಂಶೋಧನಾ ಕೇಂದ್ರಕ್ಕೆ ಮೇಡಂ ಇಬ್ಬರಲ್ಲಿ ಒಬ್ಬರನ್ನು ಕಳಿಸುವವರಿದ್ದರು. ಅಲ್ಲಿ ಹೋದವರ ಓದು ದಡ ಸೇರಿದ ಹಾಗೆ. ಅಕ್ಕನಿಗೆ ಅದು ಬೇಕಿತ್ತು, ಸಣ್ಣಿಗೂ ಬೇಕಿತ್ತು. ಸಣ್ಣಿಯ ಮಳೆಗಾಲ ಸುಟ್ಟುಹೋದರೆ ಉಳಿಯುವವರು ಯಾರು ಎಂದು ಲೆಕ್ಕ ಹಾಕಲು ಯಾವ ಓದೂ ಬೇಕಿರಲಿಲ್ಲ.

ಅಕ್ಕ ನಡೆದುಕೊಂಡ ರೀತಿಯೂ ಹಾಗೇ ಇತ್ತು. ಸುಟ್ಟ ತಟ್ಟೆ ತೋರಿಸಿದಾಗ ಬೆಚ್ಚಲಿಲ್ಲ, ಅಯ್ಯೋ ಅನ್ನಲಿಲ್ಲ. ತಟ್ಟೆ ನೋಡಿದಳು, ಗುಂಡಿ ನೋಡಿದಳು, ಕೊನೆಗೆ ಸಣ್ಣಿಯ ಕೈ ನೋಡಿದಳು, “ಊಟ ಮಾಡ್ಕೊಂಡು ಬಾ ಮೊದ್ಲು” ಅಂದಳು. ಮರುದಿನ ಸಣ್ಣಿ ಬಾಗಿಲ ಗಾಜಿನಿಂದ ನೋಡಿದರೆ ಅಕ್ಕ ಒಬ್ಬಳೇ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಗುಂಡಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಗುಂಡಿಯ ಮೇಲೆ ಯಾರೋ ಬಿಳಿ ಟೇಪು ಅಂಟಿಸಿದ್ದರು. ಮತ್ತೊಂದು ದಿನ ಮೇಡಂ ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಹೊರಬಂದವಳು ಅಕ್ಕ. ಸಣ್ಣಿಯನ್ನು ಕಂಡು ಚೀಲ ಹೆಗಲಿಗೇರಿಸಿಕೊಂಡು ಮಾತಿಲ್ಲದೆ ಹೊರಟುಹೋದಳು.

ಅದರ ಬೆನ್ನಿಗೇ ಮೇಡಂ ಸಣ್ಣಿಯನ್ನು ಕರೆಸಿದರು. ನೆರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ, ಮಾತಿಗೆ ಮಾತು ಸೇರಿಸದ ಹೆಂಗಸು ಅವರು.

“ಯಂತ್ರ ಕೆಟ್ಟಿದ್ದಾದರೆ ನಿನಗೆ ಇನ್ನೊಂದು ಮಳೆಗಾಲ ಸಿಗುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ಯಾರಾದರೂ ಬೇಕಂತ ಮಾಡಿದ್ದಾದರೆ ಅವರು ನನ್ನ ಲ್ಯಾಬಿನಲ್ಲಿ ಇರುವುದಿಲ್ಲ. ನಿನ್ನದೇ ಕೈತಪ್ಪು ಆದರೆ ಆ ಕೇಂದ್ರದ ಯಂತ್ರಗಳನ್ನು ನಿನ್ನ ಕೈಗೆ ಕೊಡುವುದು ನನಗೆ ಕಷ್ಟ. ಯೋಚಿಸು. ದೋಣಿಯ ದಿನ ಮುಗಿಯುವುದರೊಳಗೆ ಹೇಳು.”

ಯೋಚಿಸುವುದಕ್ಕೆ ಸಣ್ಣಿಗೆ ಏನೂ ಉಳಿದಿರಲಿಲ್ಲ. ದೋಣಿ ದಡ ಮುಟ್ಟಿದ ಮೇಲೆ ಹೇಳಿಬಿಡುವುದು ಎಂದು ಗಟ್ಟಿಮಾಡಿಕೊಂಡಿದ್ದಳು.

ದೋಣಿಯ ದಿನವೆಂದರೆ ಮೇಡಂ ತಮ್ಮ ಕೈಕೆಳಗೆ ಓದುವವರನ್ನೆಲ್ಲ ಕರೆದುಕೊಂಡು ನದಿಯ ಕೆಳಮುಖವಾಗಿ ಹೋಗುವ ದಿನ. ದಂಡೆಯ ಮಣ್ಣಿನ ಮೇಲೆ ಪುಟಗಟ್ಟಲೆ ಬರೆಯುವವರು ಆ ದಂಡೆಯನ್ನು ಒಮ್ಮೆಯಾದರೂ ನೀರಿನ ಕಡೆಯಿಂದ ನೋಡಬೇಕು ಅನ್ನುವುದು ಅವರ ಹಟ. ಹುಟ್ಟು ಹಿಡಿದು ಗೊತ್ತಿದ್ದವರು ಗುಂಪಿನಲ್ಲಿ ಸಣ್ಣಿಯನ್ನು ಬಿಟ್ಟರೆ ಇರಲೇ ಇಲ್ಲ ಅನ್ನಬೇಕು.

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ಬೇಯಿಸಿದ ಮೊಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬುತ್ತಿದ್ದಳು. ಇಬ್ಬರೂ ಒಟ್ಟಿಗೆ ನಿಂತರೆ ಮೊಣಕೈ ತಾಗುವಷ್ಟು ಇಕ್ಕಟ್ಟಾದ ಅಡುಗೆಮನೆ ಅದು. ಕಿಟಕಿಗೆ ಆನಿಸಿದ ಮರದ ಹಲಗೆ, ಅದರ ಮೇಲೆ ಗ್ಯಾಸಿನ ಒಲೆ, ಗೋಡೆಗೆ ಹೊಡೆದ ಮೊಳೆಯಲ್ಲಿ ಒಂದೇ ಒಂದು ಸೌಟು.

“ನಿಂಗೆ ಉಪ್ಪು ಬೇರೆ ಕಟ್ಟಿದೀನಿ,” ಅಂದಳು ಅಕ್ಕ.

“ಬೇಡಿತ್ತು. ನನ್ನ ಊಟ ನಾನು ತಗೊಂಡಿದೀನಿ.”

“ಏನು ತಗೊಂಡಿದೀಯ?”

“ಬ್ರೆಡ್ಡು.”

“ಬರೀ ಬ್ರೆಡ್ಡಾ? ಅದನ್ನ ಮೀನಿಗೆ ಹಾಕು. ಮೊಟ್ಟೆ ನೀನು ತಿನ್ನು.”

ಸಣ್ಣಿ ಹೊರಡುವಾಗ ಒಲೆಯ ಹತ್ತಿರ ಹಾದು, ನಾಲ್ಕು ಗುಂಡಿಗಳನ್ನೂ ಒಂದೊಂದಾಗಿ ಬಲಕ್ಕೆ ಒತ್ತಿ ತಿರುಗಿಸಿ ಬಂದಳು. ಗ್ಯಾಸು ಮನೆಗೆ ಬಂದ ಹೊಸದರಲ್ಲಿ ಅವಳ ಅಮ್ಮ ಮಕ್ಕಳಿಗೆಲ್ಲ ಹಾಕಿದ ಕಟ್ಟಳೆ ಅದು. ಒಲೆ ಹಚ್ಚಿರಲಿ ಬಿಡಲಿ, ಅಡುಗೆಮನೆ ಬಿಡುವಾಗ ಗುಂಡಿ ಮುಟ್ಟದೆ ಬಂದರೆ ಬೆನ್ನಿಗೆ ಬೀಳುತ್ತಿತ್ತು. ಅಕ್ಕ ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಸಣ್ಣಿ ತಿರುಗಿದಾಗ ಕಣ್ಣು ಬೇರೆ ಕಡೆಗೆ ಹೊರಳಿಸಿದಳು.

ಕದ್ದು ನೋಡುವವಳು, ಅಂದುಕೊಂಡಳು ಸಣ್ಣಿ.

ನದಿಯ ದಂಡೆಯಲ್ಲಿ ದೋಣಿಗಳು ಹೊಟ್ಟೆ ಮೇಲೆ ಮಾಡಿ ಸಾಲಾಗಿ ಮಲಗಿದ್ದವು. ಕೆನೂ ಎಂದು ಕರೆಯುವ, ಎರಡೂ ತುದಿ ಚೂಪಾದ, ಮೈ ಸಪೂರವಾದ ದೋಣಿಗಳು. ಅವನ್ನು ಬಾಡಿಗೆಗೆ ಕೊಡುವ ಕೆಂಪು ಟೋಪಿಯವನು ಎಲ್ಲರಿಗೂ ಲೈಫ್ ಜಾಕೆಟ್ ಹಂಚಿ, ಹುಟ್ಟು ಹಿಡಿಯುವುದನ್ನು ತೋರಿಸಿದ. ಮುಂದೆ ಕೂತವರದು ಬಲ, ಹಿಂದೆ ಕೂತವರದು ದಿಕ್ಕು. ಮುಂದಿನವರು ಒಂದು ಕಡೆ ಆರಿಸಿಕೊಂಡು ಆ ಕಡೆಗೇ ಹುಟ್ಟು ಹಾಕಬೇಕು. ಹಿಂದಿನವರು ಹೇಳಿದರೆ ಮಾತ್ರ ಬದಲಿಸಬೇಕು. ಸಣ್ಣಿ ಅರ್ಧ ಕಿವಿಯಲ್ಲಿ ಕೇಳಿದಳು. ನೀರಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಅಜ್ಜ ಊರಿನ ಹೊಳೆಗೆ ಸೇತುವೆ ಬರುವ ತನಕ ಹರಿಗೋಲು ಹಾಕುತ್ತಿದ್ದವನು. ಬುಟ್ಟಿಯಂಥ ದುಂಡು ದೋಣಿ; ಅದರ ಮುಂದಿನ ಅಂಚಿನಲ್ಲಿ ಅಜ್ಜನ ಪಕ್ಕ ಮಂಡಿಯೂರಿ ಕೂತು, ಅವನು ಅವಳಿಗೆಂದೇ ಕೆತ್ತಿಕೊಟ್ಟ ಗಿಡ್ಡ ಹುಟ್ಟು ಹಿಡಿದು ಅವಳು ಬೆಳೆದವಳು.

ಅಕ್ಕನಿಗೋ ಈಜು ಬಾರದು. ಸ್ನಾನಕ್ಕೆ ಬಕೀಟು ಸಾಕು, ತೊಟ್ಟಿ ಕಂಡರೆ ಹೆದರಿಕೆ ಅನ್ನುವವಳು.

ಜೊತೆ ಮಾಡುವಾಗ ಮೇಡಂ, “ನೀವಿಬ್ಬರೂ ಒಂದೇ ಭಾಷೆಯವರು, ಒಂದೇ ದೋಣಿ,” ಅಂದರು. ಅಂದವರ ಮುಖದಲ್ಲಿ ಏನಿತ್ತೆಂದು ಸಣ್ಣಿ ಹುಡುಕಿದಳು. ಏನೂ ಕಾಣಿಸಲಿಲ್ಲ. ಏನೂ ಕಾಣಿಸದಿದ್ದದ್ದೂ ಅವಳಿಗೆ ಸರಿಬರಲಿಲ್ಲ.

ತೂಕದವರು ಹಿಂದೆ ಕೂರಬೇಕು ಎಂದ ಕೆಂಪು ಟೋಪಿಯವನು.

“ಭಾರದ ವಿಷಯದಲ್ಲಾದ್ರೂ ಮುಂದಿದೀನಿ ಅಂದ್ಕೊಂಡಿದ್ದೆ,” ಅಂದಳು ಅಕ್ಕ ತಮ್ಮ ಮಾತಿನಲ್ಲಿ. “ಅಲ್ಲೂ ಹಿಂದಕ್ಕೇ ಕೂರಿಸ್ತಿದಾನೆ.”

ಬೇರೆ ದಿನವಾಗಿದ್ದರೆ ಸಣ್ಣಿ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ತುಟಿ ಬಿಗಿಹಿಡಿದು ಮುಂದೆ ಹತ್ತಿ ಕೂತಳು.

ಕೂತ ಮೇಲೆಯೇ ಅವಳಿಗೆ ಹೊಳೆದದ್ದು: ಈ ದೋಣಿಯಲ್ಲಿ ಮುಂದೆ ಕೂತವಳಿಗೆ ಹಿಂದೆ ಕೂತವಳು ಕಾಣುವುದಿಲ್ಲ. ಹಿಂದಿನವಳಿಗೆ ಮುಂದಿನವಳ ಬೆನ್ನು, ಕತ್ತು, ಕೈ ಎಲ್ಲ ಕಾಣುತ್ತದೆ. ಹರಿಗೋಲಿನಲ್ಲಿ ಹೀಗಿರಲಿಲ್ಲ, ದುಂಡಗೆ ಎದುರುಬದುರು ಕೂತವರ ಮುಖವೆಲ್ಲ ಕಾಣುತ್ತಿತ್ತು. ಹಿಂದಿರುಗಿ ನೋಡೋಣವೆಂದರೆ ದೋಣಿ ವಾಲುತ್ತದೆ. ಸಣ್ಣಿಗೆ ಕತ್ತಿನ ಹಿಂದೆ ಇರುವೆ ಹರಿದಂತಾಯಿತು. ಕಣ್ಣು ಹೋಗದ ಕಡೆ ಕಿವಿಯನ್ನಾದರೂ ಬಿಡೋಣವೆಂದು, ಹಿಂದಿನ ಹುಟ್ಟಿನ ಸದ್ದಿಗೆ ಕಿವಿ ನೆಟ್ಟು ಕೂತಳು.

ನೀರು ಸಮವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಎರಡೂ ದಂಡೆಯಲ್ಲಿ ಆಪು ಹುಲ್ಲು, ಅದರ ಹಿಂದೆ ನೀರಿಗೆ ಬಾಗಿದ ಮರಗಳು, ಮರಗಳ ಸಂದಿನಲ್ಲಿ ಉಳುಮೆಯಾದ ಹೊಲದ ಕಪ್ಪು. ಉಳಿದ ದೋಣಿಗಳು ಸ್ವಲ್ಪ ತಡಬಡಿಸಿ, ಆಮೇಲೆ ದಾರಕ್ಕೆ ಪೋಣಿಸಿದ ಹಾಗೆ ಸಾಲು ಹಿಡಿದವು. ಇವರ ದೋಣಿ ಮಾತ್ರ ಎಡದಂಡೆಯ ಹುಲ್ಲಿಗೆ ಮೂಗು ತೂರಿಸಿತು. ಅಲ್ಲಿಂದ ಬಿಡಿಸಿಕೊಂಡದ್ದೇ ಬಲದಂಡೆಗೆ ಹೊರಟಿತು. ನಡುನೀರಿಗೆ ಬಂದಂತಾಗಿ ಮತ್ತೆ ಎಡಕ್ಕೆ ಹೊರಳಿತು. ಮೇವು ಕಂಡ ದನದ ಹಾಗೆ ಅದಕ್ಕೆ ನಡುದಾರಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬೇಕಿತ್ತು.

“ಕಡೆ ಬದಲಿಸ್ಬೇಡ ಕಣೇ ಸಣ್ಣಿ,” ಹಿಂದಿನಿಂದ ಅಕ್ಕನ ದನಿ. “ಒಂದೇ ಕಡೆ ಹಾಕು.”

“ನಾನು ಒಂದೇ ಕಡೆ ಹಾಕ್ತಿರೋದು. ದಿಕ್ಕು ನೋಡ್ಬೇಕಾದ್ದು ಹಿಂದೆ ಕೂತವರು.”

“ಸರಿ ಬಿಡು.”

ಆ ‘ಸರಿ ಬಿಡು’ ಸಣ್ಣಿಗೆ ಚುಚ್ಚಿತು. ತಪ್ಪು ತಾನು ಮಾಡಿ ಇನ್ನೊಬ್ಬರ ತಲೆಗೆ ಕಟ್ಟಿ, ಮೇಲೆ ದೊಡ್ಡವಳ ಹಾಗೆ ಬಿಟ್ಟುಕೊಡುವ ಮಾತು. ಓವನ್ನಿನ ವಿಷಯದಲ್ಲೂ ಮಾಡಿದ್ದು ಇದೇ ತಾನೇ.

ಪಕ್ಕದಲ್ಲಿ ಬರುತ್ತಿದ್ದ ದೋಣಿಯಲ್ಲಿ ಈ ವರ್ಷ ಸೇರಿದ ಉದ್ದ ಹುಡುಗ ಮತ್ತು ದಪ್ಪ ಕನ್ನಡಕದವಳು ಇದ್ದರು. ಇವರ ಕಡೆ ನೋಡಿ ಕನ್ನಡಕದವಳು ಕಿಸಕ್ಕೆಂದಳು. ಉದ್ದ ಹುಡುಗ ಕೈಯಲ್ಲಿ ಏನೋ ಸನ್ನೆ ಮಾಡಿದ, ಆಚೆ ಈಚೆ, ಆಚೆ ಈಚೆ. ಬೆನ್ನ ಹಿಂದೆ ಅಕ್ಕ ಮುಖ ಮಾಡಿ ಅಣಕಿಸುತ್ತಿದ್ದಾಳೆ, ಅದಕ್ಕೇ ಅವರು ನಗುತ್ತಿರುವುದು ಎಂದು ಸಣ್ಣಿಗೆ ಖಾತ್ರಿಯಾಯಿತು. ಕೆಂಪು ಟೋಪಿಯವನು ತನ್ನ ದೋಣಿಯಿಂದ, “ಒಂದೇ ಕಡೆ, ಒಂದೇ ಕಡೆ,” ಎಂದು ಕೂಗಿದ.

“ಕೇಳಿಸ್ತಾ?” ಅಂದಳು ಸಣ್ಣಿ ಮುಂದೆ ನೋಡುತ್ತಲೇ. “ನಿಮಗೇ ಹೇಳ್ತಿರೋದು.”

“ನಂಗಾ?”

“ಮತ್ತೆ ಇನ್ಯಾರಿಗೆ?”

ಅಕ್ಕನ ಹುಟ್ಟು ನೀರಿಗಿಳಿದದ್ದು ಕೇಳಿಸಿತು. ಅಷ್ಟೆ.

ಬಿಸಿಲು ಏರುವ ಹೊತ್ತಿಗೆ ಸಣ್ಣಿಯ ತೊಡೆಯ ಮೇಲೆಲ್ಲ ನೀರು. ಪ್ಯಾಂಟು ಮಂಡಿಯಿಂದ ಸೊಂಟದವರೆಗೆ ತೊಪ್ಪೆಯಾಗಿ ಅಂಟಿಕೊಂಡಿತ್ತು. ಉದ್ದ ಹುಡುಗನ ಪ್ಯಾಂಟು ಒಣಗಿಯೇ ಇದ್ದದ್ದು ಅವಳ ಕಣ್ಣಿಗೆ ಬಿತ್ತು.

“ಹಿಂದಿನಿಂದ ನೀರು ಎರಚ್ತಿದೀರಾ?”

“ನಾನ್ಯಾಕೆ ಎರಚ್ಲಿ. ನೀನೇನು ಸೊಪ್ಪಿನ ಮಡಿಯಾ?”

“ಮತ್ತೆ ನನ್ನ ಮೈಯೆಲ್ಲ ಯಾಕೆ ಒದ್ದೆ?”

“ನದೀಲಿ ಇದೀವಲ್ಲ, ಅದಕ್ಕಿರ್ಬೇಕು.”

ಈಜು ಬಾರದವಳ ಬಾಯಲ್ಲಿ ಬಂದ ಈ ಧೈರ್ಯದ ಮಾತು ಸಣ್ಣಿಯನ್ನು ಇನ್ನಷ್ಟು ಕೆರಳಿಸಿತು. ಹೆದರಿಕೆ ಅನ್ನುವುದೂ ನಾಟಕವೇ ಏನೋ.

ಮಧ್ಯಾಹ್ನ ಎಲ್ಲರೂ ಗರಸುಕಲ್ಲಿನ ಒಂದು ತಿಟ್ಟಿನ ಮೇಲೆ ದೋಣಿ ಎಳೆದು ಊಟಕ್ಕೆ ಕೂತರು. ಸಣ್ಣಿ ಗುಂಪಿನಿಂದ ದೂರ ಒಂದು ದಿಮ್ಮಿಯ ಮೇಲೆ ಕೂತು ಒಣ ಬ್ರೆಡ್ಡು ಅಗಿಯುತ್ತಿದ್ದಳು. ಅಕ್ಕ ಬಂದು ಎರಡು ಮೊಟ್ಟೆ, ಉಪ್ಪಿನ ಪೊಟ್ಟಣ ಅವಳ ಪಕ್ಕ ಇಟ್ಟು ಮೇಡಂ ಕಡೆ ನಡೆದಳು. ಅಲ್ಲಿ ಇಬ್ಬರೂ ತಲೆ ತಗ್ಗಿಸಿ ಏನೋ ಪಿಸುಮಾತಾಡಿದರು. ನಡುವೆ ಮೇಡಂ ಕತ್ತೆತ್ತಿ ನೇರವಾಗಿ ಸಣ್ಣಿಯ ಕಡೆ ನೋಡಿದರು. ನೋಡಿ, ಅಕ್ಕನ ಹೆಗಲು ತಟ್ಟಿದರು.

ಸಣ್ಣಿ ಉಳಿದ ಬ್ರೆಡ್ಡನ್ನು ಚೀಲಕ್ಕೆ ತುರುಕಿದಳು. ಮಾತು ಮೊದಲೇ ಮುಟ್ಟಿಹೋಯಿತು, ಅಂದುಕೊಂಡಳು. ನಾನು ಹೇಳುವ ಮೊದಲು ಅವಳು ಹೇಳಿಬಿಟ್ಟಳು. ಇನ್ನು ನಾನು ಏನು ಹೇಳಿದರೂ ಹೊಟ್ಟೆಕಿಚ್ಚಿನ ಮಾತಾಗುತ್ತದೆ.

ಮೊಟ್ಟೆಯನ್ನು ಅವಳು ಮುಟ್ಟಲಿಲ್ಲ. ಹೊರಡುವಾಗ ಕೆಂಪು ಟೋಪಿಯವನ ಮುಂದೆ ಹೋಗಿ ನಿಂತಳು.

“ಇನ್ನು ನಾನು ಹಿಂದೆ ಕೂರುತ್ತೇನೆ.”

“ತೂಕ ಮುಂದಾದರೆ ಮೂಗು ಮುಳುಗುತ್ತದೆ.”

“ನನ್ನ ಬೆನ್ನಿಗೆ ಏನಾದರೂ ಭಾರ ಇಡಿ. ನನಗೆ ನದಿ ಗೊತ್ತು.”

ಅವನು ಹೆಗಲು ಹಾರಿಸಿ, ಕುಡಿಯುವ ನೀರಿನ ಕ್ಯಾನು, ಊಟದ ಡಬ್ಬಿಗಳ ಮೂಟೆ ಎಲ್ಲ ತಂದು ದೋಣಿಯ ಹಿಂತುದಿಗೆ ತುಂಬಿದ. ಅಕ್ಕ ಎರಡೂ ಅಂಚು ಗಟ್ಟಿಯಾಗಿ ಹಿಡಿದು ತೆವಳಿಕೊಂಡು ಮುಂದೆ ಹೋಗಿ ಕೂತಳು.

ಈಗ ಅಕ್ಕನ ಬೆನ್ನು ಸಣ್ಣಿಯ ಕಣ್ಣಳತೆಯಲ್ಲಿತ್ತು. ನೋಡೋಣ ಈಗ, ಏನು ಮಾಡುತ್ತೀಯೋ ಮಾಡು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು.

ಕಂಡದ್ದು ಒಂದು ಹೆದರಿದ ಬೆನ್ನು. ಜಾಕೆಟ್ಟಿನ ಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡಿದ್ದಳು. ಬಿಸಿಲ ಟೋಪಿಯ ಕೆಳಗೆ ಕತ್ತು ಕೊರಡಿನಂತೆ ನೆಟ್ಟಗಿತ್ತು. ಹುಟ್ಟು ಹಿಡಿದ ಬೆರಳ ಗೆಣ್ಣುಗಳು ಬಿಳಿಚಿದ್ದವು. ಬಲಗಡೆ ಹುಟ್ಟು ಇಳಿಸುವಳು, ಎಳೆಯುವಳು, ಎತ್ತುವಳು. ಮತ್ತೆ ಬಲಗಡೆ. ಮತ್ತೆ ಬಲಗಡೆ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ, ಹೇಳಿಕೊಟ್ಟದ್ದನ್ನು ಒಂದಿಷ್ಟೂ ಬಿಡದೆ. ಹುಟ್ಟಿನಿಂದ ತೊಟ್ಟಿಕ್ಕಿದ ನೀರು ಅವಳ ಬಲಗಡೆ ಅಂಚಿನ ಮೇಲೆ ಸಣ್ಣ ಗೆರೆಯಾಗಿ ಒಂದೇ ಜಾಗದಲ್ಲಿ ಹೊಳೆಯುತ್ತಿತ್ತು. ಅವಳ ತೊಡೆ ಒಣಗಿತ್ತು.

ಆದರೂ ದೋಣಿ ಎಡಕ್ಕೆ ಹೊರಳಿತು. ಆಮೇಲೆ ಬಲಕ್ಕೆ.

ಸಣ್ಣಿ ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಯಾವ ಮೋಸವನ್ನೂ ಮಾಡುತ್ತಿರಲಿಲ್ಲ. ದೋಣಿ ಮತ್ತೆ ತಿರುಗಿತು. ಆಗ ಅವಳ ತೊಡೆಯ ಮೇಲೆ ತಣ್ಣಗೆ ಏನೋ ಬಿತ್ತು. ತಲೆ ತಗ್ಗಿಸಿ ನೋಡಿದಳು. ಎಡ ಮಂಡಿಯಿಂದ ಬಲ ಮಂಡಿಗೆ, ಅಡ್ಡಲಾಗಿ, ಹನಿಗಳ ಒಂದು ಹೊಸ ಸಾಲು. ಹನಿಗಳ ಮೇಲೆ, ಗಾಳಿಯಲ್ಲಿ, ಅವಳ ಹುಟ್ಟು. ಅದು ಎಡದಿಂದ ಬಲಕ್ಕೆ ದಾಟುತ್ತಿತ್ತು. ದಾಟಿಸುತ್ತಿದ್ದದ್ದು ಅವಳದೇ ಎರಡು ಕೈಗಳು.

ಅವಳು ಹುಟ್ಟನ್ನು ಬಲಗಡೆಯೇ ಹಿಡಿದು ನಿಲ್ಲಿಸಿದಳು. ಇಲ್ಲೇ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎಳೆದಳು. ಎರಡು ಎಳೆತ ಮುಗಿಯುವುದರೊಳಗೆ ತೋಳಿನಲ್ಲಿ ತುರಿಕೆಯಂಥದ್ದು ಎದ್ದಿತು. ಇನ್ನೊಂದು ಕಡೆ ಹೋಗದಿದ್ದರೆ ಆಗದು ಅನ್ನುವ ತಹತಹ. ಹರಿಗೋಲಿನಲ್ಲಿ ಒಂದೇ ಕಡೆ ಎಳೆದರೆ ಅದು ಬುಗುರಿಯಂತೆ ನಿಂತಲ್ಲೇ ಸುತ್ತುತ್ತದೆ. ಎರಡು ಈ ಕಡೆ, ಎರಡು ಆ ಕಡೆ. ಅಜ್ಜ ಅವಳ ಮಣಿಕಟ್ಟು ಹಿಡಿದು ಹಾಕಿಸಿದ ಲೆಕ್ಕ. ಬಾಯಿ ಮರೆತರೂ ಕೈ ಮರೆತಿರಲಿಲ್ಲ. ಬೆಳಿಗ್ಗೆಯಿಂದ ಅವಳ ಕಿವಿ ಹಿಂದೆ ಇತ್ತು, ಕಣ್ಣು ಪಕ್ಕದ ದೋಣಿಯ ನಗುವಿನ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಹರಿಗೋಲು ಹಾಕುತ್ತಿತ್ತು.

ಅವಳ ಬೆನ್ನು ಒಂದು ಹನಿಯಿಲ್ಲದೆ ಒಣಗಿದ್ದದ್ದು ಆಗ ನೆನಪಾಯಿತು. ಹಿಂದಿನಿಂದ ಎರಚಿದ ನೀರು ಬೆನ್ನನ್ನು ಬಿಟ್ಟು ತೊಡೆಗೆ ಹೇಗೆ ಬೀಳುತ್ತದೆ?

ಅದರ ಹಿಂದೆಯೇ ಇನ್ನೊಂದು ಬಂತು. ಅದು ಬರುವುದು ಬೇಡವಾಗಿತ್ತು. ಹೊರಡುವ ಮುಂಚೆ ಒಲೆಯ ಗುಂಡಿ ತಿರುಗಿಸಿ ಬಂದೆನೇ? ನೆನಪಿಲ್ಲ. ನಿನ್ನೆ? ನೆನಪಿಲ್ಲ. ದಿನವೂ ತಿರುಗಿಸುತ್ತಾಳೆ, ಒಂದು ದಿನದ್ದೂ ನೆನಪಿಲ್ಲ. ಓವನ್ನಿನ ಮುಂದೆ ನಿಂತದ್ದು ನೆನಪಿದೆ. ಶಾಖ ಹೊಂದಿಸಿದ್ದು, ಬಾಗಿಲು ಮುಚ್ಚಿದ್ದು, ಚೀಲ ತೆಗೆದುಕೊಂಡದ್ದು ನೆನಪಿದೆ. ಹೊರಡುವಾಗ ಓವನ್ನಿನ ಪಕ್ಕದಿಂದಲೇ ಹಾದು ಬರಬೇಕು. ಆ ಒಂದು ಹೆಜ್ಜೆಯಷ್ಟು ಜಾಗ ಮಾತ್ರ ಅವಳ ನೆನಪಿನಲ್ಲಿ ಖಾಲಿ ಇತ್ತು.

“ಸಣ್ಣಿ,” ಅಂದಳು ಅಕ್ಕ. “ಮರ.”

ತಲೆಯೆತ್ತಿದರೆ ದೋಣಿ ಅಡ್ಡ ತಿರುಗಿ ಹರಿವಿನ ಜೊತೆ ಜಾರುತ್ತಿತ್ತು. ಕೆಳಗೆ, ತಿರುವಿನಲ್ಲಿ, ಬುಡಸಮೇತ ಉರುಳಿದ ಮರವೊಂದು ಅರ್ಧ ನದಿಗೆ ಚಾಚಿ ಬಿದ್ದಿತ್ತು. ಅದರ ಕೊಂಬೆಗಳ ನಡುವೆ ನೀರು ಬುಸುಗುಡುತ್ತ ನುಗ್ಗುತ್ತಿತ್ತು. ಅದಕ್ಕೆ ಸಿಕ್ಕರೆ ದೋಣಿ ಮಗುಚುತ್ತದೆ; ಈಜು ಬಾರದವಳು ಕೊಂಬೆಯ ಕೆಳಗೆ ಹೋಗುತ್ತಾಳೆ.

ಸಣ್ಣಿ ಹುಟ್ಟನ್ನು ಎಡಗಡೆ ಊರಿದಳು. ಕೈ ಎತ್ತಲು ಹೋಯಿತು. ಹಲ್ಲು ಕಚ್ಚಿ ತಡೆದಳು. ಮತ್ತೆ ಎಡಗಡೆ. ಮತ್ತೆ ಎಡಗಡೆ. ತೋಳು ಬೇಡ ಬೇಡ ಅನ್ನುತ್ತಿತ್ತು. ಮುಂದೆ ಅಕ್ಕ ಹೆದರಿ ಕಣ್ಣು ಮುಚ್ಚಿದ್ದಳೋ ಏನೋ, ಆದರೆ ಬಲಗಡೆಯ ಹುಟ್ಟನ್ನು ನಿಲ್ಲಿಸಿರಲಿಲ್ಲ. ದೋಣಿಯ ಮೂಗು ನಿಧಾನಕ್ಕೆ, ಬಹಳ ನಿಧಾನಕ್ಕೆ ನದಿಯ ನಡುವಿಗೆ ತಿರುಗಿತು.

“ಅಕ್ಕಾ, ತಲೆ ಬಗ್ಗಿಸು.”

ಅಕ್ಕ ಬಗ್ಗಿದಳು. ಕೊನೆಯ ಕೊಂಬೆ ಅವಳ ಟೋಪಿಯನ್ನು ಎತ್ತಿಕೊಂಡು ಹಿಂದೆ ಉಳಿಯಿತು. ದೋಣಿ ತೆರೆದ ನೀರಿಗೆ ಬಂತು.

ದೋಣಿ ನೆಟ್ಟಗೆ ಹೋಗುತ್ತಿತ್ತು.

“ಅಕ್ಕ.”

“ಹೂಂ.”

“ಲ್ಯಾಬಿನ ಓವನ್ನಿನ ಗುಂಡಿ ಯಾವ ಕಡೆ ತಿರುಗಿಸಿದ್ರೆ ಬಿಸಿ ಜಾಸ್ತಿ ಆಗತ್ತೆ?”

ಅಕ್ಕನ ಹುಟ್ಟು ನೀರಿನ ಮೇಲೆ ನಿಂತಿತು. ಅವಳು ತಿರುಗಿ ನೋಡಲಿಲ್ಲ.

“ಬಲಕ್ಕೆ.”

“ಮನೆ ಒಲೇದು?”

“ಬಲಕ್ಕೆ ತಿರುಗಿಸಿದ್ರೆ ಆರತ್ತೆ.”

“ನಾನೇ ತಿರುಗಿಸಿದ್ದು ನೀನು ನೋಡಿದ್ಯಾ?”

“ನೋಡ್ಲಿಲ್ಲ. ನೋಡಿದ್ರೆ ಅವತ್ತೇ ಹೇಳ್ತಿದ್ದೆ. ನಾನು ಆ ಕಡೆ ತಿರುಗಿ ತಕ್ಕಡಿ ಒರೆಸ್ತಿದ್ದೆ. ಆದ್ರೆ ಮನೇಲಿ ದಿನಾ ನೋಡ್ತೀನಲ್ಲ. ಆಮೇಲೆ ಹೋಗಿ ಆ ಗುಂಡಿ ಯಾವ ಕಡೆಗೆ ಎಷ್ಟು ಹೋಗತ್ತೆ ಅಂತ ತಿರುಗಿಸಿ ನೋಡಿದೆ. ಅನುಮಾನ ಬಂತು. ಟೇಪು ಹಚ್ಚಿದೆ, ಇನ್ನೊಂದ್ಸಲ ಆಗ್ದಿರ್ಲಿ ಅಂತ.”

“ನಂಗ್ಯಾಕೆ ಹೇಳ್ಲಿಲ್ಲ?”

“ಅಷ್ಟೊತ್ತಿಗೆ ನೀನು ‘ನೀವು’ ಅನ್ನೋಕೆ ಶುರು ಮಾಡಿದ್ದೆ. ನಾನು ಹೇಳಿದ್ರೆ ಏನಂತಿದ್ದೆ? ತಾನು ಮಾಡಿ ನನ್ನ ತಲೆಗೆ ಕಟ್ಟೋಕೆ ಬಂದ್ಲು ಅಂತಿದ್ದೆ.”

ಸುಳ್ಳಲ್ಲ. ಬೆಳಿಗ್ಗೆ ಅದೇ ಮಾತು ಅಂದುಕೊಂಡಾಗಿತ್ತು.

“ಮೇಡಂ ಕೋಣೇಲಿ ಏನು ಹೇಳಿದೆ?”

“ಯಾರ ಮೇಲಾದ್ರೂ ಅನುಮಾನ ಇದೆಯಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ.”

“ಮತ್ತೆ ಇವತ್ತು ಊಟದ ಹೊತ್ತಲ್ಲಿ?”

“ಈಜು ಬರಲ್ಲ, ಈ ಪಟ್ಟಿ ಸರಿಯಾಗಿದೆಯಾ ನೋಡಿ ಅಂದೆ. ಸಣ್ಣಿಗೆ ಬರತ್ತೆ, ನಿನ್ನ ಮುಳುಗೋಕೆ ಬಿಡಲ್ಲ ಅಂದ್ರು.” ಅಕ್ಕ ಜಾಕೆಟ್ಟಿನ ಪಟ್ಟಿ ಮುಟ್ಟಿಕೊಂಡು, “ನಂಗೆ ಅಷ್ಟು ಧೈರ್ಯ ಇರ್ಲಿಲ್ಲ ಅನ್ನು,” ಅಂದಳು.

“ಅಂದ್ರೆ?”

“ಬೆಳಿಗ್ಗೆಯಿಂದ ದೋಣೀನ ಬೇಕಂತಲೇ ತಿರುಗಿಸ್ತಿದೀಯ ಅಂದ್ಕೊಂಡಿದ್ದೆ. ನನ್ನ ಹೆದರಿಸೋಕೆ. ಮಧ್ಯಾಹ್ನ ಹಿಂದೆ ಕೂರ್ತೀನಿ ಅಂದಾಗಲಂತೂ, ಮುಗೀತು, ಎಲ್ಲಾದ್ರೂ ಉರುಳಿಸ್ತಾಳೆ ಇವಳು ಅಂತ.”

ಸಣ್ಣಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಇಡೀ ದಿನ ಇಬ್ಬರೂ ಒಬ್ಬರ ಬೆನ್ನನ್ನೊಬ್ಬರು ಕಾದಿದ್ದರು.

“ಮೇಡಂಗೆ ನನ್ನ ಹೆಸರು ಹೇಳೋಳಿದ್ದೆ ಅಲ್ವಾ ನೀನು?” ಅಂದಳು ಅಕ್ಕ.

“ಹೂಂ.”

“ಹೇಳ್ತೀಯೋ ಇಲ್ವೋ ನೋಡೋಣ ಅಂತ ನಾನೂ ಕಾಯ್ತಿದ್ದೆ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಅದು ತಣ್ಣಗಿತ್ತು. ಸಣ್ಣಿಗೆ ತೊಡೆಯ ಒದ್ದೆಗಿಂತ ಅದು ಹೆಚ್ಚು ತಣ್ಣಗೆ ತಾಗಿತು.

ದೂರದಲ್ಲಿ ಇಳಿಯುವ ಕಟ್ಟೆ ಕಾಣಿಸಿತು. ಮೊದಲು ತಲುಪಿದವರು ದೋಣಿಗಳನ್ನು ದಂಡೆಗೆ ಎಳೆಯುತ್ತಿದ್ದರು. ಮೇಡಂ ಕಟ್ಟೆಯ ಮೇಲೆ ಕೈಕಟ್ಟಿಕೊಂಡು ನಿಂತಿದ್ದರು.

“ಓವನ್ ಹಳೇದು ಅಂತ ಹೇಳ್ಬಹುದು,” ಅಂದಳು ಅಕ್ಕ ಮೆಲ್ಲಗೆ. “ಅದರ ಗುಂಡಿ ಸಡಿಲ ಆಗಿರೋದೂ ನಿಜ. ನಿಂಗೆ ಇನ್ನೊಂದು ಮಳೆಗಾಲ ಸಿಗತ್ತೆ. ನಾನೇನೂ ಅನ್ನಲ್ಲ.”

ಸಣ್ಣಿ ಆ ಬೆನ್ನನ್ನು ದಿಟ್ಟಿಸಿದಳು. ಇದು ಕರುಣೆಯೋ, ಇನ್ನೊಂದು ಪರೀಕ್ಷೆಯೋ? ಇವತ್ತು ಏನೂ ಅನ್ನದವಳು ನಾಳೆ ಅಂದರೆ? ಮುಖ ಕಂಡಿದ್ದರೆ ಏನಾದರೂ ತಿಳಿಯುತ್ತಿತ್ತೇನೋ. ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ. ಬಿಗಿದ ಪಟ್ಟಿ, ಬಿಸಿಲಿಗೆ ಕೆಂಪಾದ ಕತ್ತು, ಟೋಪಿ ಹೋಗಿ ಕೆದರಿದ ಕೂದಲು. ವಾರದಿಂದ ಇವಳ ಮೇಲೆ ಎಷ್ಟೆಲ್ಲ ಓದಿಕೊಂಡಿದ್ದಾಯಿತು ಅನಿಸಿ ಅವಳಿಗೆ ತನ್ನ ಮೇಲೇ ಬೇಸರ ಬಂತು. ತನ್ನ ಕೈ ಮಾಡಿದ್ದನ್ನೇ ಕಾಣದವಳು ಇನ್ನೊಬ್ಬರ ಹೊಟ್ಟೆಯೊಳಗಿನದನ್ನು ಕಂಡೆ ಅಂದುಕೊಳ್ಳುವುದು ಇನ್ನು ಸಾಕು.

ದೋಣಿ ಕಟ್ಟೆಗೆ ತಾಗಿತು. ಅಕ್ಕನನ್ನು ಮೊದಲು ಇಳಿಸಿ, ಸಣ್ಣ ಹೆಜ್ಜೆಗಳಲ್ಲಿ ಮೇಲೆ ಹತ್ತಿ ಸಣ್ಣಿ ಮೇಡಂ ಮುಂದೆ ನಿಂತಳು. ಪ್ಯಾಂಟಿನಿಂದ ನೀರು ಶೂಗೆ ಇಳಿಯುತ್ತಿತ್ತು.

“ಆ ಓವನ್ ತಿರುಗಿಸಿದ್ದು ನಾನೇ ಇರಬೇಕು,” ಅಂದಳು. “ಬೇಕಂತ ಅಲ್ಲ. ಮನೆಯ ಒಲೆ ಆರಿಸಿ ಬರುವ ಅಭ್ಯಾಸ ನನ್ನ ಕೈಯಲ್ಲಿದೆ. ತಿರುಗಿಸಿದ್ದು ನನಗೆ ನೆನಪಿಲ್ಲ. ಆದರೆ ಬೇರೆ ಯಾರೂ ಅಲ್ಲ.”

ಮೇಡಂ ಅವಳ ಮುಖ ನೋಡಿದರು, ಆಮೇಲೆ ಅವಳ ಹಿಂದೆ ಜಾಕೆಟ್ಟಿನ ಗಂಟು ಬಿಚ್ಚಲಾಗದೆ ಪರದಾಡುತ್ತಿದ್ದ ಅಕ್ಕನನ್ನು ನೋಡಿದರು.

“ಕೇಂದ್ರಕ್ಕೆ ಈ ಸಲ ನಿನ್ನನ್ನು ಕಳಿಸಲು ಆಗುವುದಿಲ್ಲ,” ಅಂದರು. “ಗೊತ್ತಿದ್ದೇ ಹೇಳಿದೆಯಲ್ಲವೇ?”

“ಗೊತ್ತಿದ್ದೇ.”

“ಮಳೆ ಶುರುವಾಗುತ್ತಲೇ ಮಣ್ಣು ತೆಗೆಯಲು ಹೋಗು. ಓವನ್ನಿನ ಗುಂಡಿಗೆ ಮುಚ್ಚಳ ಮಾಡಿಸುತ್ತೇನೆ.” ಅಷ್ಟು ಹೇಳಿ ಅವರು ವ್ಯಾನಿನ ಕಡೆ ನಡೆದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕ ಅನ್ನಕ್ಕಿಟ್ಟಳು. ಸಣ್ಣಿ ಮಧ್ಯಾಹ್ನ ಮುಟ್ಟದೆ ಬಿಟ್ಟಿದ್ದ ಮೊಟ್ಟೆಗಳನ್ನು ಅವಳು ಮತ್ತೆ ಡಬ್ಬಿಗೆ ಹಾಕಿಕೊಂಡು ಬಂದಿದ್ದಳು. ಅವನ್ನು ಸುಲಿದು, ಎರಡಾಗಿ ಸೀಳಿ, ಉಪ್ಪು ಹಾಕಿ ಇಬ್ಬರೂ ತಿಂದರು. ಕೇಂದ್ರದ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕ ಹೋಗುವವಳೆಂದು ಇಬ್ಬರಿಗೂ ಗೊತ್ತಿತ್ತು. ಈ ಅಡುಗೆಮನೆಯಲ್ಲಿ ಮೊಣಕೈ ತಾಗದೆ ನಿಲ್ಲುವ ದಿನ ಬರುತ್ತದೆಂದೂ ಗೊತ್ತಿತ್ತು.

ಪಾತ್ರೆ ತೊಳೆದಿಟ್ಟು ಸಣ್ಣಿ ಹೊರಗೆ ಹೊರಟಳು. ಒಲೆಯ ಪಕ್ಕ ಹಾದಾಗ ಅವಳ ಬಲಗೈ ತಾನಾಗಿ ಮುಂದೆ ಹೋದದ್ದನ್ನು ಅವಳು ಕಂಡಳು. ಗುಂಡಿಯ ಹತ್ತಿರವೇ ಅದನ್ನು ತಡೆದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

“ತಿರುಗಿಸಿ ಬಾರೇ,” ಹಿಂದಿನಿಂದ ಅಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ. “ಇದು ಒಲೆ. ಇಲ್ಲಿ ಅಡ್ಡಿಯಿಲ್ಲ.”

ಸಣ್ಣಿ ಹಿಂದಿರುಗಿ ಅವಳ ಮುಖ ನೋಡಿದಳು. ಆಮೇಲೆ ಒಂದೊಂದಾಗಿ, ಎಚ್ಚರದಿಂದ, ನಾಲ್ಕು ಗುಂಡಿಗಳನ್ನೂ ಬಲಕ್ಕೆ ತಿರುಗಿಸಿದಳು.